ಬಣ್ಣ ಬಳಿದ ಕೀಲು ಹೊಸ ಕೀಲಲ್ಲ

ವಿಮಾನ ತಾಲೀಮು ಶಾಲೆಗಳ ತಪಾಸಣೆಯ ಹೊಣೆ ಹೊತ್ತ ಸದರ ಅಧಿಕಾರಿಗಳಿಗೆ, ನಾಲ್ಕು ಜನ ಓದುವಂತೆ ಬರೆದದ್ದು.

ಮಾನ್ಯರೇ,

ಲಿಂಗಸುಗೂರಿನ ಹಳೆಯ ದಂಡಿನ ಛಾವಣಿ ಬಯಲಿನ ತಾಲೀಮು ಶಾಲೆಯಲ್ಲಿ ವಿಮಾನದ ಬಾಲದ ಕೀಲನ್ನು ಬದಲಿಸಿರಲಿಲ್ಲ. ಬದಲಿಸಿದ್ದಾರೆಂದು ತಾವು ಒಪ್ಪಿಕೊಂಡಿರಿ. ಅದೇ ವಿಮಾನದಲ್ಲಿ ನಮ್ಮ ಉಸ್ತಾದ ಅಮೀನ್‌ಸಾಬರು ಸತ್ತರು. ಅವರ ಹಿಂದೆ ಕುಳಿತಿದ್ದ ನಾನು ಕಾಲು ಮುರಿದುಕೊಂಡು ಬದುಕಿದೆ. ಈಗ ತಮ್ಮ ಕಚೇರಿಯ ತೀರ್ಮಾನ ಹೊರಬಿದ್ದಿದೆ: ತಪ್ಪೆಲ್ಲ ಉಸ್ತಾದರದು. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಬದುಕಿದವರ ಮೇಲೆ ತಪ್ಪು ಹೊರಿಸಿದರೆ ಅವರು ಎದುರುತ್ತರ ಕೊಡುತ್ತಾರೆ. ಸತ್ತವರಿಗೆ ಆ ಕೆಟ್ಟ ಚಾಳಿ ಇಲ್ಲ.

ನಾನು ಮಸ್ಕಿಯ ಅರಳೆ ವ್ಯಾಪಾರಿಯೊಬ್ಬರ ಮಗ, ಬಸವಂತರಾಯ. ಯುದ್ಧ ಮುಗಿದ ಮರುವರ್ಷ ಈ ಶಾಲೆ ಲಿಂಗಸುಗೂರಿಗೆ ಬಂದಾಗ ಮೊದಲು ಸೇರಿದವರಲ್ಲಿ ನಾನೂ ಒಬ್ಬ. ನಮ್ಮವ್ವ ಜಂಬಮ್ಮ ಅಂದೇ ಕೇಳಿದ್ದಳು, "ನೆಲದ ಮ್ಯಾಲ ಮಾಡೋ ಕೆಲಸ ಎಲ್ಲಾ ಮುಗದ್ವೇನೋ, ಮುಗಿಲಿಗೆ ಹೊಂಟಿ?" ಎಂದು. ಇದೇ ಸಂಗತಿಯನ್ನು ನಾನು ಮೊದಲು ಉರ್ದುವಿನಲ್ಲಿ, ಕಲಿತಷ್ಟೂ ವಿನಯ ಬಳಸಿ, ತಮಗೆ ಅರ್ಜಿ ಮಾಡಿದ್ದೆ. ಉತ್ತರ ಬರಲಿಲ್ಲ. ಕನ್ನಡದಲ್ಲಿ ಬರೆದರೆ ಬರುತ್ತದೆಂಬ ಭ್ರಮೆ ನನಗಿಲ್ಲ. ಆದರೆ ಆ ವಿಮಾನಗಳು ಯಾರ ತಲೆಯ ಮೇಲೆ ಹಾರುತ್ತಿವೆಯೋ ಅವರಾದರೂ ಓದಿಯಾರು ಎಂದು ತಮ್ಮ ಸರ್ಕಾರದ ಕೈಗೆ ಸಿಗದ ತುಂಗಭದ್ರೆಯ ಆಚೆ ಇದನ್ನು ಅಚ್ಚು ಹಾಕಿಸುತ್ತಿದ್ದೇನೆ.

ತಮ್ಮ ಹುಕುಂ ಬಗ್ಗೆ ನನ್ನ ತಕರಾರಿಲ್ಲ. ಅದು ಒಳ್ಳೆಯ ಹುಕುಂ. ಬೇರೆಲ್ಲೋ ಇದೇ ಜಾತಿಯ ವಿಮಾನವೊಂದು ಆಕಾಶದಲ್ಲಿ ಬಾಲದ ಚುಕ್ಕಾಣಿಯನ್ನು ಕಳೆದುಕೊಂಡಿತ್ತು. ಚುಕ್ಕಾಣಿಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಕೀಲು ಒಳಗೊಳಗೇ ಸೀಳುತ್ತದೆ, ಹೊರಗೆ ಕಾಣುವುದಿಲ್ಲ. ಆದ್ದರಿಂದ ತಾಲೀಮಿನ ಎಲ್ಲ ವಿಮಾನಗಳಲ್ಲೂ ಹಳೆಯ ಕೀಲು ಬಿಚ್ಚಿ ಹೊಸದನ್ನು ಹಾಕಬೇಕು, ಅಲ್ಲಿಯವರೆಗೆ ಒಂದೂ ಹಾರಕೂಡದು ಎಂದು ತಾವು ಬರೆದಿರಿ. ನಮಗೆಲ್ಲ ಓದಿ ಹೇಳಿದವರು ಅಮೀನ್‌ಸಾಬರೇ. ಯುದ್ಧದ ಕಾಲದಲ್ಲಿ ಹೊಸ ವಿಮಾನಗಳನ್ನು ಊರಿಂದೂರಿಗೆ ಮುಟ್ಟಿಸುತ್ತಿದ್ದ ಮನುಷ್ಯ, ಸಿಂಧನೂರಿನವರು. ಓದಿ ಮುಗಿಸಿ, "ಇನ್ನ ಸ್ವಲ್ಪ ದಿನ ನಮಗೂ ವಿಮಾನಕ್ಕೂ ರಜಾ. ಊರಿಗೆ ಹೋಗಿ ರೊಟ್ಟಿ ತಿಂದು ಬರ್ರಿ" ಎಂದು ನಕ್ಕರು.

ಕೀಲುಗಳು ಮುಂಬಯಿಯಿಂದ ಬರಬೇಕಿತ್ತು. ಬರಲಿಲ್ಲ. ಬಂದದ್ದು ತಾವು. ತಾವು ಮುಲಾಹಿಜಾಕ್ಕೆ, ಅಂದರೆ ತಪಾಸಣೆಗೆ, ಬರುತ್ತೀರೆಂದು ತಿಳಿದ ದಿನವೇ ಶಾಲೆಯ ಮ್ಯಾನೇಜರ್ ಸಾಹೇಬರಿಗೆ ಬಣ್ಣದ ನೆನಪಾಯಿತು. ಮೂರೂ ವಿಮಾನಗಳ ಬಾಲಕ್ಕೆ ಬೆಳ್ಳಿಯ ಬಣ್ಣ ಬಿತ್ತು. ಮದುವೆಗೆ ಮನೆ ಸಾರಿಸಿದಂತೆ ಎಲ್ಲ ಲಕಲಕ ಹೊಳೆಯುತ್ತಿತ್ತು. ಊರಿಂದ ಮರಳಿದ ನಮಗೆ ಕೀಲು ಬಂತು, ಹಾಕಿದ್ದಾಯಿತು ಎಂದರು. ನಂಬಿದೆವು. ಸರ್ಕಾರದ ಹುಕುಂ ಒಂದು ಕಡೆ, ಸಾಹೇಬರ ಮಾತು ಒಂದು ಕಡೆ, ಎರಡೂ ಒಂದೇ ಹೇಳುವಾಗ ವಿದ್ಯಾರ್ಥಿ ಅನುಮಾನಿಸುವುದಾದರೂ ಯಾವುದನ್ನು?

ಆ ದಿನ ತಮಗೆ ನೆನಪಿರಬೇಕು. ಬೇವಿನ ಗಿಡದ ಕೆಳಗೆ ಶಾಮಿಯಾನ, ಸುತ್ತಲಿನ ದೊಡ್ಡ ಮನುಷ್ಯರು, ತಮಗೆ ಹೂಮಾಲೆ. ಮಸ್ಕಿಯಲ್ಲಿ ಅಂದು ಸಂತೆ. ಸಂತೆಯ ಮೇಲೆ ಒಂದು ಸುತ್ತು ಹಾರಿ ಶಾಲೆಯ ಜಾಹೀರಾತು ಚೀಟಿಗಳನ್ನು ಚೆಲ್ಲಿ ಬರಬೇಕೆಂದು ಏರ್ಪಾಟು. ಚೀಟಿಗಳು ಉರ್ದುವಿನಲ್ಲಿದ್ದವು, ಸಂತೆಗೆ ಬಂದವರು ಕನ್ನಡದವರು, ಅದರಲ್ಲೂ ಹೆಚ್ಚಿನವರು ಯಾವುದನ್ನೂ ಓದಲಾರದವರು; ಇರಲಿ, ಅದು ಬೇರೆ ಮಾತು. ನಾನು ಹಿಂದಿನ ಆಸನದಲ್ಲಿ ಪಟ್ಟಿ ಬಿಗಿದುಕೊಂಡು ಕುಳಿತಿದ್ದೆ. ಯಂತ್ರ ಗರ್ಜಿಸುತ್ತಿತ್ತು. ಮುಂದೆ ನಡೆದ ಮಾತು ನನ್ನ ಕಿವಿಗೆ ಬೀಳಲಿಲ್ಲ. ತಮ್ಮ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ ಮಿಸ್ತ್ರಿ ಉಸ್ಮಾನ್‌ಸಾಬರು ಆಮೇಲೆ ದವಾಖಾನೆಯಲ್ಲಿ ನನ್ನ ಮಂಚದ ಮೇಲೆ ಕುಳಿತು, ಅಳುತ್ತ, ಎಲ್ಲವನ್ನೂ ಹೇಳಿದರು. ನೆನಪು ಮಸುಕಾಗಿದ್ದರೆ ತಮಗೂ ಹೇಳುತ್ತೇನೆ.

ಅಮೀನ್‌ಸಾಬರು ಹತ್ತುವ ಮೊದಲು ಬಾಲದ ಹತ್ತಿರ ಹೋದರು. ಚಾಕುವಿನಿಂದ ಬಣ್ಣ ಕೆರೆದರು. ಬಣ್ಣದ ಕೆಳಗೆ ತುಕ್ಕು. ಅಲ್ಲಿಂದ ನೆಟ್ಟಗೆ ತಮ್ಮ ಬಳಿಗೇ ಬಂದರು.

"ಹುಜೂರ್, ಕೀಲು ಹಳೇದೇ ಐತ್ರಿ. ಬರೇ ಬಣ್ಣ ಹಚ್ಯಾರ. ಇದು ಹಾರಬಾರದ್ರಿ."

ತಾವು ಮ್ಯಾನೇಜರ್ ಸಾಹೇಬರತ್ತ ನೋಡಿದಿರಿ. ಅವರು ನಕ್ಕರು. ತಾವೂ ನಕ್ಕಿರಿ. ಹುಕುಂ ತಾಮೀಲ್ ಆಗಿದೆ, ಕೀಲು ಬದಲಿಸಿದ್ದಾಯಿತು ಎಂದು ಶಾಲೆ ಬರೆದುಕೊಟ್ಟಿದೆ, ಬರೆದುಕೊಟ್ಟ ಮೇಲೆ ತಕರಾರು ಏಕೆ ಎಂದಿರಿ. ಎದ್ದು ಹತ್ತು ಹೆಜ್ಜೆ ನಡೆದು ನೋಡಬಹುದಿತ್ತು. ಮಾಲೆ ಭಾರವಾಗಿತ್ತೋ ಏನೋ.

ಅಮೀನ್‌ಸಾಬರು, "ನಾ ಹತ್ತಂಗಿಲ್ಲ" ಎಂದರು. ಆಗ ಮ್ಯಾನೇಜರ್ ಸಾಹೇಬರು, "ಮಾಸ್ತರಿಗೆ ಅಂಜಿಕಿ ಬಂದೈತಿ. ಸರಿದು ನಿಲ್ರಿ. ಹುಡುಗ ಒಬ್ಬನೇ ಹೋಗ್ತಾನ, ಅವನಿಗೆ ಬರ್ತದ" ಎಂದರಂತೆ. ಕೈಯನ್ನೂ ಎತ್ತಿದರಂತೆ, ನನಗೆ ಸನ್ನೆ ಮಾಡಲು.

ಉಸ್ತಾದರು ಆ ಕೈ ಹಿಡಿದು ಕೆಳಗಿಳಿಸಿದರು. "ಹೇಳೋರು ಕೇಳೋರು ಇಲ್ಲದ ಮಗ ಅಂತ ತಿಳಿದೀರೇನ್ರಿ ಅವನ್ನ? ಅವನಿಗೂ ಅವ್ವ ಅದಾಳ. ನಾನೇ ಹೋಗ್ತೀನಿ" ಎಂದು ಹೇಳಿ, ಬಂದು ನನ್ನ ಮುಂದಿನ ಆಸನ ಹತ್ತಿದರು.

ತಮ್ಮ ತೀರ್ಮಾನದಲ್ಲಿ ಇದಕ್ಕೆ ಒಂದು ಸಾಲಿದೆ: ಚಾಲಕನು ವಿಮಾನದ ಸ್ಥಿತಿಯನ್ನು ತಿಳಿದೂ ಹಾರಿದ್ದು ಘೋರ ನಿರ್ಲಕ್ಷ್ಯ. ಎಂಥ ನ್ಯಾಯ, ಮಾನ್ಯರೇ! ವಿಮಾನ ಕೆಟ್ಟಿದೆ ಎಂದು ಅವರು ಹೇಳಿದಾಗ ಅದು ಕೆಟ್ಟಿರಲಿಲ್ಲ. ಅವರು ಸತ್ತ ಮೇಲೆ, ಅದು ಕೆಟ್ಟಿದ್ದು ಅವರಿಗೆ ಗೊತ್ತಿತ್ತು.

ನಾವು ಮಸ್ಕಿಯತ್ತ ಹಾರಿದೆವು. ಸಂತೆ ಕಾಣಿಸಿದಾಗ ಎರಡು ಆಸನಗಳ ನಡುವಿನ ಮಾತಿನ ನಳಿಗೆಯಲ್ಲಿ ಉಸ್ತಾದರ ಒಂದೇ ಮಾತು ಬಂತು: "ಒಂದೇ ಸುತ್ತು. ಚೀಟಿ ಚೆಲ್ಲು, ಹೊಳ್ಳಿ ಹೋಗೂಣು." ನಾನು ಚೀಟಿಗಳನ್ನು ಚೆಲ್ಲಿದೆ. ಕೆಳಗೆ ಜನ ತಲೆಯೆತ್ತಿ ಕೈ ಬೀಸುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಕೊಂಬೆ ಮುರಿದಂಥ ಸದ್ದು. ಚುಕ್ಕಾಣಿ ತಿರುಗಿಸುವ ಕಾಲಡಿಯ ಪಟ್ಟಿ ಹಗುರಾಯಿತು. ಎಷ್ಟು ಒತ್ತಿದರೂ ಅತ್ತ ಏನೂ ಇಲ್ಲ. ಅರ್ಧ ಕಿತ್ತ ಚುಕ್ಕಾಣಿ ಬಾಲದ ರೆಕ್ಕೆಗೆ ಬಡಿಯತೊಡಗಿ ವಿಮಾನ ಜ್ವರ ಬಂದವರಂತೆ ನಡುಗಿತು.

"ಕೈಕಾಲು ಬಿಡು, ಬಸವಂತಾ. ನಾ ಹಿಡದೀನಿ."

ಬಿಟ್ಟೆ. ಮೂಗು ಸಂತೆಯ ಕಡೆಗೇ ಬಾಗುತ್ತಿತ್ತು. ದನದ ಸಾಲು, ಬಳೆಗಾರರ ಬಿಳಿ ಪರದೆಗಳು, ಓಡುತ್ತಿದ್ದ ಜನ, ಎಲ್ಲ ದೊಡ್ಡದಾಗುತ್ತ ಬಂತು. ಆ ಜನರ ನಡುವೆ ನಮ್ಮವ್ವ ಇದ್ದಳು. ಉಸ್ತಾದರು ರೆಕ್ಕೆಯನ್ನು ಓರೆ ಮಾಡಿ, ಓರೆ ಮಾಡಿ, ಹೇಗೋ ಬಳಗಾನೂರಿನ ಹೊಲಗಳತ್ತ ಎಳೆದೊಯ್ದರು. ಸಂತೆ ಹಿಂದೆ ಉಳಿದಾಗ ಅವರು ಉಸಿರು ಬಿಟ್ಟದ್ದು ನಳಿಗೆಯಲ್ಲಿ ಕೇಳಿಸಿತು. "ತಲಿ ಬಗ್ಗಸ್ಕೋ" ಎಂದರು. ಅದೇ ಕೊನೆಯ ಮಾತು.

ನನ್ನನ್ನು ಎಳೆದು ಹೊರಗೆ ಹಾಕಿದವರು ಆ ಹೊಲದ ಒಡತಿ, ಬಳಗಾನೂರಿನ ಗೌಡತಿ ಗುರುಲಿಂಗಮ್ಮನವರು. ಜೋಳದ ಕಟಾವು ನಡೆಸುತ್ತಿದ್ದ ಅವರು ತಮ್ಮ ಆಳುಗಳೊಂದಿಗೆ ಓಡಿಬಂದರು. ಉಸ್ತಾದರನ್ನೂ ಹೊರಗೆ ತೆಗೆದರು, ತಮ್ಮ ಸೀರೆಯ ಸೆರಗಿನಿಂದ ಮುಖ ಒರೆಸಿದರು. ಒರೆಸುವಷ್ಟರಲ್ಲೇ ಮುಗಿದಿತ್ತು.

ಮುಂದೆ ತನಿಖೆ. ಲಿಂಗಸುಗೂರಿನ ಮುಸಾಫಿರ್ ಬಂಗಲೆಗೆ ನನ್ನನ್ನು ಹೊರಸಿನ ಮೇಲೆ ಹೊತ್ತೊಯ್ದರು. ಕೀಲು ಮುರಿದದ್ದನ್ನು ಕಣ್ಣಾರೆ ಕಂಡೆಯಾ ಎಂದು ತಮ್ಮ ಕಡೆಯವರು ಕೇಳಿದರು. ಇಲ್ಲ, ಬಾಲ ನನ್ನ ಬೆನ್ನ ಹಿಂದಿತ್ತು, ಕಾಲಿಗೆ ಗೊತ್ತಾಯಿತು ಎಂದೆ. ಕಾಲಿನ ಸಾಕ್ಷ್ಯ ನಡೆಯುವುದಿಲ್ಲವಂತೆ. ನಿಜ, ಆ ಕಾಲು ಆಗ ನಡೆಯುವ ಸ್ಥಿತಿಯಲ್ಲೂ ಇರಲಿಲ್ಲ. ಉಸ್ಮಾನ್‌ಸಾಬರು ಶಾಮಿಯಾನದಲ್ಲಿ ನಡೆದದ್ದನ್ನು ಹೇಳಲು ಬಾಯಿ ತೆರೆದರು. ಆ ವಾರವೇ ಅವರ ನೌಕರಿ ಹೋಯಿತು. ಗುರುಲಿಂಗಮ್ಮನವರ ಬಾಯಿ ಮಾತ್ರ ಮುಚ್ಚಿಸಲಾಗಲಿಲ್ಲ. ಚುಕ್ಕಾಣಿ, ಮುರಿದ ಕೀಲಿನ ಸಮೇತ, ವಿಮಾನಕ್ಕಿಂತ ಮೊದಲೇ ಕಳಚಿ ಅವರ ಹೊಲದ ಇನ್ನೊಂದು ತುದಿಯಲ್ಲಿ ಬಿದ್ದಿತ್ತು. ಅದನ್ನು ಒಪ್ಪಿಸೆಂದು ಮ್ಯಾನೇಜರ್ ಸಾಹೇಬರು ಹೇಳಿಕಳಿಸಿದಾಗ ಆಕೆ ಕೊಟ್ಟ ಜವಾಬು ನಮ್ಮ ಸೀಮೆಯೆಲ್ಲ ಬಲ್ಲದು: "ಸರ್ಕಾರದವರು ಬಂದು ನಾಲ್ಕು ಮಂದಿ ಮುಂದ ನೋಡಿ ಒಯ್ಯಲಿ. ಕಳ್ಳನ ಕೈಯಾಗ ಕೀಲಿಕೈ ಕೊಡಾಕ ನನಗೇನು ಹುಚ್ಚು ಹಿಡದೈತೇನು?" ತಾವು ಬರಲಿಲ್ಲ. ಸಾಕ್ಷ್ಯಕ್ಕೆ ಬೇಕಾದ ವಸ್ತು ಸಿಗಲಿಲ್ಲ ಎಂದು ಬರೆದು ತನಿಖೆ ಮುಗಿಸಿದಿರಿ.

ನಮ್ಮ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶೋಕ ಚಕ್ರವರ್ತಿ ತನ್ನ ಹುಕುಂ ಅನ್ನು ಅದರ ಮೇಲೆ ಕೆತ್ತಿಸಿದ್ದಾನೆ. ಕಲ್ಲಿನ ಮೇಲೆ ಕೆತ್ತಿಸಿದವನೂ, ಜನ ಅದನ್ನು ಪಾಲಿಸುತ್ತಿದ್ದಾರೋ ಇಲ್ಲವೋ ನೋಡಿಬರಲು ಅಧಿಕಾರಿಗಳನ್ನು ಊರೂರಿಗೆ ಅಟ್ಟುತ್ತಿದ್ದನಂತೆ. ಪಾಪ, ಬರೆಸಿದ ಮಾತ್ರಕ್ಕೆ ಕೆಲಸ ಆಯಿತೆಂಬ ಆಡಳಿತದ ಗುಟ್ಟು ಅವನ ಕಾಲಕ್ಕೆ ಇನ್ನೂ ಗೊತ್ತಿರಲಿಲ್ಲ.

ಕಳೆದ ವಾರ ಕೋಲೂರಿಕೊಂಡು ಸಿಂಧನೂರಿಗೆ ಹೋಗಿದ್ದೆ. ಉಸ್ತಾದರ ಹೆಂಡತಿ ಜಮೀಲಾಬೀ ಅಂಗಳದಲ್ಲಿ ಚಾಪೆ ಹಾಸಿದರು, ಚಹಾ ಕೊಟ್ಟರು. ನನ್ನ ಕಾಲು ಕೂಡಿತೇ ಎಂದು ಅವರೇ ಮೊದಲು ಕೇಳಿದರು. ತಮ್ಮ ತೀರ್ಮಾನದ ಸುದ್ದಿ ನನಗಿಂತ ಮೊದಲೇ ಆ ಮನೆ ತಲುಪಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು, "ನಿನ್ನ ಗಂಡ ಸರ್ಕಾರದ ವಿಮಾನ ಮುರದನಂತ" ಎನ್ನುತ್ತಾರಂತೆ.

"ಸಾವು ಅಲ್ಲಾ ಬರದದ್ದು ಬಾಬಾ, ಅದಕ್ಕ ನಾ ಯಾರ ಮ್ಯಾಲೂ ಸಿಟ್ಟು ಮಾಡಂಗಿಲ್ಲ," ಎಂದರು. "ಆದರ ತಪ್ಪು ಮಾಡಿ ಸತ್ತ ಅಂತ ಬರದವರು ಯಾರು? ಅದು ಅಲ್ಲಾ ಬರದದ್ದಲ್ಲಲ್ಲ. ಬರದವರು ಅಳಸಲಿ."

ಉತ್ತರ ಕೊಡಬೇಕಾದವರು ತಾವು, ಆದ್ದರಿಂದ ಆ ಮಾತನ್ನು ಹಾಗೆಯೇ ತಮಗೆ ಒಪ್ಪಿಸುತ್ತಿದ್ದೇನೆ.

ನನಗೆ ಪರಿಹಾರ ಬೇಡ, ಮರುಕವೂ ಬೇಡ. ಅಮೀನ್‌ಸಾಬರ ಹೆಸರಿನ ಮೇಲೆ ಹೊರಿಸಿದ ತಪ್ಪನ್ನು ತೆಗೆದುಹಾಕಿ, ಅದನ್ನು ಸಿಂಧನೂರಿನ ಚಾವಡಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಸಿ. ಗುರುಲಿಂಗಮ್ಮನವರ ಹೊಲಕ್ಕೆ ಬಂದು ಆ ಮುರುಕು ಕೀಲನ್ನು ಕೈಯಲ್ಲಿ ಹಿಡಿದು ನೋಡಿ. ಉಸ್ಮಾನ್‌ಸಾಬರನ್ನು ಕರೆದು ಕೇಳಿ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಒಂದಿದೆ. ಉಳಿದೆರಡು ವಿಮಾನಗಳು ಅದೇ ಬೆಳ್ಳಿ ಬಣ್ಣದ ಬಾಲ ಹೊತ್ತು ಇವತ್ತೂ ಹಾರುತ್ತಿವೆ. ಸದ್ದು ಕೇಳಿದರೆ ಮಸ್ಕಿಯ ಜನ ಮೊದಲಿನಂತೆ ಅಂಗಳಕ್ಕೆ ಓಡಿಬರುವುದಿಲ್ಲ, ಮಕ್ಕಳನ್ನು ಎಳೆದುಕೊಂಡು ಒಳಗೆ ಹೋಗುತ್ತಾರೆ. ಅವನ್ನು ಈ ಕೂಡಲೇ ನೆಲಕ್ಕಿಳಿಸಿ. ಇಳಿಸುವ ಅಗತ್ಯವೇ ಇಲ್ಲ, ಹುಕುಂ ಪೂರ್ತಿ ತಾಮೀಲ್ ಆಗಿದೆ ಎಂದು ತಾವಿನ್ನೂ ನಂಬಿದ್ದರೆ, ದಯವಿಟ್ಟು ಬರುವ ಸಂತೆಯ ದಿನ ಲಿಂಗಸುಗೂರಿಗೆ ಬನ್ನಿ. ಹಿಂದಿನ ಆಸನ ಖಾಲಿಯಿದೆ. ಮ್ಯಾನೇಜರ್ ಸಾಹೇಬರನ್ನು ಮುಂದೆ ಕೂರಿಸಿಕೊಂಡು ಒಂದೇ ಒಂದು ಸುತ್ತು ಹಾರಿಬನ್ನಿ.

ಇಂತಿ,
ಮುಗಿಲಿನಿಂದ ಇಳಿದು ಈಗ ಅಪ್ಪನ ಅರಳೆ ಅಂಗಡಿಯಲ್ಲಿ ಕಾಲು ಚಾಚಿ ಕುಳಿತಿರುವ, ತಮ್ಮ ಶಾಲೆಯ ಮಾಜಿ ವಿದ್ಯಾರ್ಥಿ,
ಬಸವಂತರಾಯ, ಮಸ್ಕಿ