ಒಂದು ಕಾರಿನ ಜಾಗ, ಎರಡು ಸಾಲು ಪಂಕ್ತಿ

ಅಕ್ಕಾ,
ಹೊಗೆ ಕಡಿಮೆಯಾಗಲೆಂದು ದೊಡ್ಡ ಕಾರುಗಳಿಗೆ ಹೆಚ್ಚು ಪಾರ್ಕಿಂಗ್ ತೆರಿಗೆ, ಆ ದುಡ್ಡಲ್ಲಿ ರಬಾಳೆ ರೈಲು ಸ್ಟೇಷನ್ನಿಗೆ ಬ್ಯಾಟರಿ ಬಸ್ಸು. ನಾನು ಬಂದಿಳಿದ ಈ ವಸತಿ ಸೊಸೈಟಿಯ ಕಮಿಟಿ ಕೊಟ್ಟ ಮಾತಿದು. ತೆರಿಗೆ ಹಾಕಲಿಲ್ಲ, ಬಸ್ಸು ಕೊಡಲಿಲ್ಲ. ನಾವು ಬಿಸಿಲಲ್ಲಿ ನಡೆಯುತ್ತಿದ್ದೇವೆ.

ನಿನ್ನೆ ಚೇರ್ಮನ್ನನ ಆನೆಗಾತ್ರದ ಕಾರು ಹೊರಗೆ ಹೋದದ್ದೇ ತಡ, ಗೇಟಿನೆದುರಿನ ಹೋಟೆಲಿನ ಶ್ರೀಮತಿಯಮ್ಮ ಆ ಜಾಗದಲ್ಲಿ ಬಾಳೆಲೆ ಹಾಕಿ, ಬಸ್ಸಿಗಾಗಿ ಘೋಷಣೆ ಕೂಗುತ್ತಿದ್ದ ನಮ್ಮನ್ನೆಲ್ಲ ಊಟಕ್ಕೆ ಕೂರಿಸಿದರು. ಎರಡು ಸಾಲು ಪಂಕ್ತಿ ಹಿಡಿಯಿತು ನೋಡು! ಅವನು ವಾಪಸು ಬಂದು ಕೂಗಿದ: “ಕ್ಯಾ ಮೇಡಂ, ನನ್ನ ಒಂದು ಗಾಡಿಯಿಂದ ಜಗತ್ತು ಬಿಸಿಯಾಗುತ್ತಾ?”

“ಹೀಗೆ ಹೇಳುವವರೇ ಊರು ತುಂಬ ಇದ್ದೀರಲ್ಲ ಸಾಹೇಬ್ರೇ! ಪಾಯಸ ಬಡಿಸದೆ ಪಂಕ್ತಿ ಎಬ್ಬಿಸುವ ಕ್ರಮ ನಮ್ಮಲ್ಲಿಲ್ಲ. ಕೂತ್ಕೊಳ್ಳಿ, ನಿಮಗೂ ಎಲೆ ಹಾಕ್ತೇನೆ.”

ಕೂತ! ಉಂಡೆದ್ದು, ತೆರಿಗೆಯನ್ನು ಮತಕ್ಕೆ ಹಾಕಲು ಎಲ್ಲರೆದುರು ಒಪ್ಪಿದ.

ಮಂಡಿನೋವು ಕಡಿಮೆ, ಘೋಷಣೆ ಕೂಗಿ ಗಂಟಲು ಕಟ್ಟಿದೆ. ಕಾರ್ಡು ತುಂಬಿತು.
ನಿನ್ನ ಅಮೂಲ್ಯಾ

ಮತ ಹಾಕುವ ಸಭೆ ಭಾನುವಾರ, ಬೆಳಿಗ್ಗೆ ಹತ್ತಕ್ಕೆ.