ಗೇಟಿನಲ್ಲಿ ಯಾರೋ ಬಂದ ಹಾಗಾಯಿತು

ಅಲ್ ಕುಸೈಸ್, ದುಬೈ
14 ನವೆಂಬರ್ 2024, ಗುರುವಾರ

ಪ್ರೀತಿಯ ಮಾಂಯ್,

ಹೇಗಿದ್ದೀರಿ? ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತೀರೋ, ಇಲ್ಲ ನಾನು ಕಳುಹಿಸಿದ ಬಾಟಲಿ ಹಾಗೆಯೇ ಕಪಾಟಿನಲ್ಲಿ ಉಂಟೋ? ಶುಗರ್ ಎಷ್ಟು ಬಂತು ಅಂತ ಕೇಳಿದರೆ ನೀವು ಫೋನಿನಲ್ಲಿ ಮಳೆಯ ಸುದ್ದಿ ತೆಗೆಯುತ್ತೀರಿ, ಸೊಸೆಗೆ ಗೊತ್ತಾಗುವುದಿಲ್ಲ ಅಂತ ಎಣಿಸಬೇಡಿ. ನಾವು ಸೌಖ್ಯ. ನಿಹಾಲನಿಗೆ ಈಗ ಹತ್ತನೇ ಕ್ಲಾಸು, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ, ಅದೂ ಒಂದೇ ಶಬ್ದ. ಫೋನಿದ್ದೂ ಇವಳು ಕಾಗದ ಯಾಕೆ ಬರೆದಳು ಅಂತ ನಿಮಗೆ ಅನಿಸಬಹುದು. ನೀವು ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುವವರು, ಇಲ್ಲಿ ನಿಮ್ಮ ಮಗನೂ ಹಾಗೆಯೇ. ಈ ವಿಷಯ ನಮ್ಮಿಬ್ಬರ ಮಧ್ಯೆಯೇ ಇರಬೇಕು. ಅದಕ್ಕೇ ಊರಿಗೆ ಹೊರಟ ನೆಲ್ಸನ್ ಕೈಯಲ್ಲಿ ಡಬ್ಬಿಯ ಜೊತೆ ಕಳುಹಿಸುತ್ತಿದ್ದೇನೆ. ಡಬ್ಬಿ ತೆರೆಯುವ ಮೊದಲು ಇದನ್ನು ಪೂರ್ತಿ ಓದಿ.

ನಿಮ್ಮ ಮಗನಿಗೆ ಹುಚ್ಚು ಹಿಡಿದಿದೆ. ಗಾಬರಿಯಾಗಬೇಡಿ, ಡಾಕ್ಟರಿಗೆ ತೋರಿಸುವ ಹುಚ್ಚಲ್ಲ. ಅಲ್ ಬರ್ಷಾದಲ್ಲಿ ಯಾರೋ ಹಳೇ ಪುಸ್ತಕ ಮಾರುತ್ತಿದ್ದರು, ಅಲ್ಲಿಂದ ಒಂದು ದಪ್ಪ ಪುಸ್ತಕ ತಂದರು. ಸೈಲಸ್ ವಿಟ್‌ಕೋಂಬ್ ಅಂತ ಯಾವುದೋ ಕಾಲದ ಅಮೆರಿಕದ ಮಿಠಾಯಿಯವನ ಜೀವನ ಚರಿತ್ರೆ. ಆ ಮನುಷ್ಯ ಹಿಮದಲ್ಲಿ ತಳ್ಳುಗಾಡಿ ತಳ್ಳಿ ಸಕ್ಕರೆ ಮಿಠಾಯಿ ಮಾರಿದನಂತೆ, ಒಂದೊಂದಕ್ಕೂ ಚಂದಕ್ಕೆ ಬಣ್ಣದ ಕಾಗದ ಸುತ್ತಿದನಂತೆ, ಊರೆಲ್ಲ ನಕ್ಕಿತಂತೆ, ಕೊನೆಗೆ ದೊಡ್ಡ ಫ್ಯಾಕ್ಟರಿ ಕಟ್ಟಿದನಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಸೈಲಸನೂ ಒಬ್ಬ. ಶಿಪ್ಪಿಂಗ್ ಕಂಪೆನಿಯಲ್ಲಿ ಲೆಕ್ಕ ಬರೆಯುವ ಜೆರಾಲ್ಡ್, ಇಷ್ಟು ವರ್ಷ ಒಂದು ಲೋಟ ಚಾ ಕೂಡ ತಾನಾಗಿ ಮಾಡಿಕೊಳ್ಳದವರು, ಈಗ ಪೆರಾಡ್ ಮಾಡುತ್ತಾರೆ. ನಿಮ್ಮ ಪೆರಾಡ್, ಮಾಂಯ್! ನೀವು ಕ್ರಿಸ್ಮಸ್ಸಿಗೆ ಪೇರಳೆ ಹಣ್ಣನ್ನು ಸಕ್ಕರೆ ಹಾಕಿ ಕಾಸಿ ತಟ್ಟೆಯಲ್ಲಿ ಹರಡುತ್ತೀರಲ್ಲ, ಅದನ್ನೇ ಚಿಕ್ಕ ತುಂಡು ಮಾಡಿ ಕೆಂಪು ಕಾಗದ ಸುತ್ತಿ ಇಡೀ ಗಲ್ಫಿಗೆ ಮಾರುವುದಂತೆ.

ಮೊದಲ ಪಾಕ ತಳ ಹಿಡಿದು, ಹೊಗೆ ಎದ್ದು, ಇಡೀ ಬಿಲ್ಡಿಂಗಿನ ಫೈರ್ ಅಲಾರಂ ಹೊಡೆದುಕೊಂಡಿತು. ನೈಟಿಯ ಮೇಲೆ ಶಾಲು ಹೊದ್ದು ನಾನು ಕೆಳಗೆ, ಪಕ್ಕದ ಫ್ಲ್ಯಾಟಿನ ಖೈರುನ್ನಿಸ ಸೌಟು ಹಿಡಿದುಕೊಂಡೇ ಕೆಳಗೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿದ್ದರೆ ಇವರು ನಗುತ್ತಾ, "ಸೈಲಸನ ಅಂಗಡಿಯೂ ಮೊದಲ ವರ್ಷವೇ ಸುಟ್ಟಿತ್ತು ಮಾರಾಯ್ತಿ" ಅಂದರು. ಎರಡನೆಯದು ಕಲ್ಲು. ನಿಹಾಲನ ಹಲ್ಲಿನ ಫಿಲ್ಲಿಂಗ್ ಕಿತ್ತು ಬಂತು. ಸೈಲಸನ ಮಿಠಾಯಿಯೂ ಯಾರೋ ಪಾದ್ರಿಯ ಹಲ್ಲು ಮುರಿದಿತ್ತಂತೆ. ಮತ್ತೊಂದನ್ನು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಹಂಚುತ್ತೇನೆಂದು ಕಾರಿನ ಡಿಕ್ಕಿಯಲ್ಲಿಟ್ಟರು. ಅವತ್ತೇ ಪ್ರವಚನ ಉದ್ದವಾಯಿತು, ಇಲ್ಲಿಯ ಬಿಸಿಲು ನಿಮಗೆ ಗೊತ್ತು, ಡಬ್ಬಿ ತೆರೆದರೆ ಪಾಯಸ. ಪೂಜೆಗೆ ಬಂದಿದ್ದ ಲಿಯೊನೆಲ್ ಅಂಕಲ್ ಪಾಪ ಚಮಚದಲ್ಲಿ ತಿಂದು ಪರಿಮಳ ಒಳ್ಳೇದುಂಟು ಅಂದರು. ಇವರಿಗೆ ಅಷ್ಟು ಸಾಕಾಯಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನಿಮ್ಮ ಮಗನಿಗೆ ಬಿದ್ದಷ್ಟೂ ಮೀಸೆ ಬೆಳೆಯುತ್ತದೆ.

ಆ ಪುಸ್ತಕವನ್ನು ನಾನೂ ಓದಿದೆ. ಅಷ್ಟು ದಪ್ಪ ಪುಸ್ತಕದಲ್ಲಿ ಸೈಲಸನ ಹೆಂಡತಿಗೆ ಒಂದೇ ವಾಕ್ಯ: ಪತ್ನಿ ಹಾನ್ನಾ ಒಲೆಯ ಬಳಿ ನೆರವಾಗುತ್ತಿದ್ದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಪುಸ್ತಕ ಮುಚ್ಚಿಟ್ಟೆ. ಗಂಡ ಹಿಮದಲ್ಲಿ ಗಾಡಿ ತಳ್ಳುತ್ತಿದ್ದರೆ ಮಿಠಾಯಿ ಕಾಸಿದ್ದು ಯಾರು, ನೀವೇ ಹೇಳಿ.

ಪೆರಾಡ್ ನನಗಾದರೂ ಪೂರ್ತಿ ಎಲ್ಲಿ ಗೊತ್ತು? ಮದುವೆಯಾಗಿ ಬಂದ ವರ್ಷ ನಿಮ್ಮ ಪಕ್ಕದಲ್ಲೇ ನಿಂತು ಕಲಿತವಳು. ಪಾಕ ಸರಿಯಾಗಿ ಕುದಿಯುವಾಗ ನೀವು, "ಮಾರ್ಟಿನಾ, ಗೇಟಿನಲ್ಲಿ ಯಾರೋ ಬಂದ ಹಾಗಾಯಿತು, ನೋಡು" ಅನ್ನುತ್ತಿದ್ದಿರಿ. ಗೇಟಿನಲ್ಲಿ ಒಂದು ದಿನವೂ ಯಾರೂ ಇರಲಿಲ್ಲ ಮಾಂಯ್. ನಿಮ್ಮ ಅತ್ತೆ ನಿಮ್ಮನ್ನು ಬಾವಿಕಟ್ಟೆಗೆ ಅಟ್ಟುತ್ತಿದ್ದರಂತೆ. ಸೊಸೆಗೆ ಒಂದು ವಸ್ತು ಬಿಟ್ಟೇ ಹೇಳಿಕೊಡುವುದು ನಮ್ಮ ಮನೆಗಳ ಪದ್ಧತಿ, ನನಗೆ ಬೇಸರವಿಲ್ಲ.

ಈಗ ಮುಖ್ಯ ವಿಷಯ. ಭಾನುವಾರ ಇವರು ನಿಮಗೆ ಫೋನು ಮಾಡುತ್ತಾರೆ. ಈ ಡಬ್ಬಿಯಲ್ಲಿರುವ ಕೆಂಪು ಕಾಗದದ ಪೆರಾಡ್ ತಿಂದು, ನನ್ನದರ ಹಾಗೆಯೇ ಉಂಟು ಅಂತ ನೀವು ಅಂದರೆ ಸೋಮವಾರವೇ ರಾಜೀನಾಮೆಯಂತೆ. ಇಲ್ಲ ಅಂದರೆ ಖಲಾಸ್, ಇನ್ನು ಪಾತ್ರೆ ಮುಟ್ಟುವುದಿಲ್ಲವಂತೆ. ನಿಹಾಲನ ವೀಸಾ, ಈ ಫ್ಲ್ಯಾಟು, ಎಲ್ಲ ಇವರ ಕೆಲಸದ ಮೇಲೆ ನಿಂತಿದೆ. ನನ್ನ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಸಂಬಳ ಫ್ಯಾಮಿಲಿ ವೀಸಾಕ್ಕೆ ಸಾಲುವುದಿಲ್ಲ. ಮಗುವಿನ ಪರೀಕ್ಷೆಯ ವರ್ಷದಲ್ಲಿ ಮನೆ ಕಿತ್ತುಕೊಂಡು ಊರಿಗೆ ಬರುವ ಹಾಗಾದರೆ ಅಂತ ನನಗೆ ಹೆದರಿಕೆಯಾಗಿದೆ. ಸರಿಯಾಗಿಲ್ಲ ಅಂತ ಹೇಳಿ ಮಾಂಯ್. ಸುಳ್ಳೇನೂ ಆಗುವುದಿಲ್ಲ, ಸಕ್ಕರೆ ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ. ಆದರೆ ಮೆಲ್ಲಗೆ ಹೇಳಿ. ಇವರು ಇಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿ ತುಂಬಾ ವರ್ಷವಾಯಿತು.

ಶುಗರ್ ಇರುವ ಅತ್ತೆಗೆ ಮಿಠಾಯಿ ಕಳುಹಿಸುವ ಸೊಸೆ ಅಂತ ಚರ್ಚಿನಲ್ಲಿ ಹೇಳಿಕೊಂಡು ಬರಬೇಡಿ. ಚೂರೇ ತಿನ್ನಿ, ಮಾತ್ರೆ ಮರೆಯಬೇಡಿ. ಸಂಜೆಯ ತೇರ್ಸದ ಪ್ರಾರ್ಥನೆಯಲ್ಲಿ ನಮ್ಮ ಮೂವರ ಹೆಸರೂ ಸೇರಿಸಿ, ಜೆರಾಲ್ಡನದ್ದು ಎರಡು ಸಲ.

ನಿಮ್ಮ ಆಶೀರ್ವಾದ ಬೇಡುವ ಸೊಸೆ,
ಮಾರ್ಟಿನಾ

ಮರೆತ ಮಾತು: ಇವರು ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಡಬ್ಬಿಯ ಅಡಿಯಲ್ಲಿ ಹಸಿರು ಕಾಗದ ಸುತ್ತಿದ್ದು ಸ್ವಲ್ಪ ಉಂಟು, ನಿಮ್ಮ ಮಗನಿಗೆ ಗೊತ್ತಿಲ್ಲ. ಅದು ನಾನು ಮಾಡಿದ್ದು. ಗೇಟಿನಿಂದ ವಾಪಸು ಬಂದಾಗೆಲ್ಲ ಒಲೆಯ ಬದಿಯಲ್ಲಿ ಹಿಂಡಿದ ಲಿಂಬೆಯ ಸಿಪ್ಪೆ ಇರುತ್ತಿತ್ತು. ಪಾತ್ರೆ ತೊಳೆಯಲಿಕ್ಕೆ ಅನ್ನುತ್ತಿದ್ದಿರಿ. ಪಾತ್ರೆ ತೊಳೆಯುತ್ತಿದ್ದವಳು ನಾನಲ್ಲವೇ ಮಾಂಯ್, ನನ್ನ ಕೈಗೆ ಲಿಂಬೆ ಒಂದು ದಿನವೂ ಬರಲಿಲ್ಲ. ಹಸಿರಿನ ಪಾಕಕ್ಕೆ ಲಿಂಬೆ ಹಿಂಡಿದ್ದೇನೆ, ಸಕ್ಕರೆ ಮರಳಾಗಲಿಲ್ಲ. ಹಸಿರನ್ನು ಬಾಯಿಗೆ ಹಾಕಿ ನಿಜ ಹೇಳಿ. ಅದು ಸರಿಯಾಗಿದ್ದರೆ ರಾಜೀನಾಮೆ ಕೊಡುವವಳು ನಾನು, ಬರೆದು ಪರ್ಸಿನಲ್ಲಿಟ್ಟಾಗಿದೆ. ನಾನು ಕೆಲಸ ಬಿಟ್ಟರೆ ಇವರ ವೀಸಾಕ್ಕೆ ಸೇರಿಕೊಂಡರಾಯಿತು. ತಳ್ಳುಗಾಡಿಯನ್ನು ಬೇಕಾದರೆ ಆಫೀಸು ಮುಗಿಸಿ ಬಂದು ಸಂಜೆ ಇವರು ತಳ್ಳಲಿ. ಹಸಿರು ಸರಿಯಾಗಿದ್ದರೆ ಭಾನುವಾರ ನನ್ನನ್ನು ಫೋನಿಗೆ ಕರೆದು, "ಮಾರ್ಟಿನಾ, ಗೇಟಿನಲ್ಲಿ ಯಾರೋ ಬಂದಿದ್ದಾರೆ" ಅಂತ ಹೇಳಿ ಸಾಕು. ಸ್ಪೀಕರಿನಲ್ಲಿದ್ದರೂ ಅಡ್ಡಿಯಿಲ್ಲ.