ಅಲೆ ತೆಗೆದ ಸಮುದ್ರ

೬ ಜನವರಿ, ಮಂಗಳವಾರ

ಬೆಂಗ್ರೆಯಿಂದ ಫೆರಿ, ಆಮೇಲೆ ಸುರತ್ಕಲ್ ಬಸ್. ಆಫೀಸು ಮುಟ್ಟುವಾಗಲೇ ಬೆವರು. ಆದರೆ ಸ್ಯಾಂಪಲ್ ಬೋರ್ಡ್ ಬಂದಿದೆ! ನಮ್ಮ ಪುಟ್ಟ ಗೇಮ್ ಕನ್ಸೋಲ್‌ನಲ್ಲಿ ನಾನು ಮಾಡಿದ ದೋಣಿ ಗೇಮಿನ ಸಮುದ್ರ ಮೊದಲ ಸಲ ಓಡಿತು. ಅಲೆ ಎದ್ದು, ಮಗುಚಿ, ನೊರೆ ಚೆಲ್ಲಿ... ದೋಣಿ ಒಲೆದಾಡಿತು. ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ.

ಸ್ಯಾಂಪಲ್ ಹೊರಗೆ ಒಯ್ಯುವಂತಿಲ್ಲ. ಮನೆಯಲ್ಲಿ ಫೋನಿನ ವಿಡಿಯೊ ತೋರಿಸಿದೆ.

"ಇದು ನೀನು ಓಡಿಸಿದ್ದು. ನನಗೆಂತ?" ಅಂದರು ಅಪ್ಪ.

೯ ಜನವರಿ

ಅಪ್ಪನನ್ನೇ ಆಫೀಸಿಗೆ ಕರೆದೊಯ್ಯೋಣವೆಂದರೆ ಒಪ್ಪುವುದಿಲ್ಲ. ಎಡಗಾಲು ಸೋತ ಮೇಲೆ ಫೆರಿ ಹತ್ತಿಲ್ಲ. ತಂಡೇಲನಾಗಿ ಮೀನುಗಾರಿಕೆ ದೋಣಿ ನಡೆಸಿದ ನನ್ನಪ್ಪ ಗಿರಿಯಪ್ಪನನ್ನು ನಾಲ್ಕು ಜನ ಎತ್ತಿ ದೋಣಿಗೆ ಇಳಿಸುವುದೇ? ಆ ಹಠಕ್ಕೆ ಅಮ್ಮನೂ ಸೋತಿದ್ದಾಳೆ. "ನಿನ್ನ ಪೆಟ್ಟಿಗೆಯನ್ನೇ ತಾ" ಅಂದರು.

ತರುತ್ತೇನೆ. ನನ್ನದೂ ಒಂದು ಆಸೆ. ಹೆಣ್ಣುಮಕ್ಕಳನ್ನು ದೋಣಿಗೆ ಹತ್ತಿಸುವ ಕ್ರಮ ನಮ್ಮ ಮನೆಯಲ್ಲಿಲ್ಲ. ದಡದಲ್ಲಿ ನಿಂತು ಕೈ ಬೀಸಿಯೇ ಬೆಳೆದವಳು ನಾನು. ಒಮ್ಮೆ ಅಪ್ಪನ ಜೊತೆ ಕಡಲಿಗೆ ಹೋಗಬೇಕು. ಈ ಗೇಮ್ ಮಾಡಿದ್ದೇ ಅದಕ್ಕೆ. ಬಾಸ್ ಡೆನಿಸ್ ಸರ್‌ಗೆ ಇದನ್ನೆಲ್ಲ ಹೇಳಲಿಕ್ಕಾಗುತ್ತದೆಯೇ.

೨೮ ಜನವರಿ

ಮೆಮೊರಿ ಚಿಪ್ಪಿನ ರೇಟ್ ಮತ್ತೆ ಏರಿದೆ. ಎಐ ಕಂಪನಿಗಳು ಬಾಚಿಕೊಂಡು ಹೋಗುತ್ತಿವೆ, ನಮ್ಮಂಥವರಿಗೆ ಸಿಕ್ಕಿದ್ದೇ ಪ್ರಸಾದ. ಹಿಂದೆಲ್ಲ ಸ್ವಲ್ಪ ಕಾದರೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯ ಚಿಪ್ ಬರುತ್ತಿತ್ತು. ಈಗ ಕಾದಷ್ಟೂ ದುಬಾರಿ. ದೊಡ್ಡ ಕಂಪನಿಗಳೇ ಹೊಸ ಕನ್ಸೋಲ್‌ನ ಶಕ್ತಿಯನ್ನು ಅಳೆದು ತೂಗಿ ಇಡುವಾಗ ನಾವು ಯಾವ ಲೆಕ್ಕ.

ಮೀಟಿಂಗ್. ಡೆನಿಸ್ ಸರ್ ಪಾಪ, ಬೈಯಲೂ ಬಾರದವರು. "ರೇಟ್ ಏರಿಸಿದ್ರೆ ಯಾರೂ ತಗೊಳ್ಳುದಿಲ್ಲ ಮಾರಾಯ್ತಿ. ಮೆಮೊರಿ ಅರ್ಧ ಮಾಡುವ. ಫ್ಯಾನ್ ಬೇಡ. ಚಿಪ್ ಸಣ್ಣದು ಸಾಕು."

"ಅಲೆ ಉಂಟಲ್ಲ ಸರ್?"

"ನೀರು ನೀಲಿ ಇದ್ರೆ ಸಾಕು."

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ. ಸಮುದ್ರವನ್ನು ಎಲ್ಲಿ ಮಡಚಿಡಲಿ?

೧೧ ಫೆಬ್ರವರಿ

ಸಣ್ಣ ಚಿಪ್ಪಿನಲ್ಲಿ ಓಡಿಸಿದೆ. ಅಲೆ ಬಂದ ಕೂಡಲೇ ಗೇಮ್ ತಡವರಿಸುತ್ತದೆ. ನೊರೆ ತೆಗೆದೆ. ಚಿಕ್ಕ ಅಲೆಗಳನ್ನು ತೆಗೆದೆ. ದೊಡ್ಡದಕ್ಕೆ ಕೈ ಹಾಕಲು ಮನಸ್ಸು ಬರಲಿಲ್ಲ... ಸಂಜೆ ಅದನ್ನೂ ತೆಗೆದೆ. ಸಲೀಸಾಗಿ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

೨೨ ಮಾರ್ಚ್, ಆದಿತ್ಯವಾರ

ಅಂಗಡಿಗೆ ಹೋಗುವ ಕನ್ಸೋಲ್ ಡಬ್ಬಿ ನಿನ್ನೆ ಕೈಗೆ ಬಂತು. ಬೆಳಿಗ್ಗೆ ಟಿವಿಗೆ ಜೋಡಿಸಿ ಅಪ್ಪನ ಕೈಗೆ ಕಂಟ್ರೋಲರ್ ಕೊಟ್ಟೆ. ಅಲೆ ತೆಗೆದದ್ದನ್ನು ಅವರಿಗೆ ಹೇಳಿರಲಿಲ್ಲ. ದೋಣಿ ಹೊಳೆಯಲ್ಲಿ ನೆಟ್ಟಗೆ ಹೋಯಿತು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಅಪ್ಪ ನಿಲ್ಲಿಸಿಬಿಟ್ಟರು.

"ಎಂತಾಯ್ತು ಅಪ್ಪ?"

"ದೊಡ್ಡದು ಮೂರು ಬರ್ತದೆ. ಅದು ಹೋಗ್ಲಿ."

ಅಳಿವೆ ದಾಟುವವರು ಹಾಗೆಯೇ. ಸಾಲಾಗಿ ಬರುವ ಮೂರು ದೊಡ್ಡ ಅಲೆಗಳನ್ನು ಹೋಗಲು ಬಿಟ್ಟು, ಆಮೇಲೆ ನುಗ್ಗುತ್ತಾರೆ. ಟಿವಿಯಲ್ಲಿ ನೀರು ಬಟ್ಟಲಲ್ಲಿಟ್ಟ ಹಾಗೆ ಬಿದ್ದುಕೊಂಡಿತ್ತು. ಏನೂ ಬರುವುದಿಲ್ಲ ಎನ್ನಲಾರದೆ ಅಡಿಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಮೀನು ಕೊಯ್ಯುತ್ತಾ, "ಹೇಳಿಬಿಡು ಅವರಿಗೆ, ಎಷ್ಟು ಹೊತ್ತು ಕಾಯ್ತಾರೆ?" ಎನ್ನುತ್ತಾಳೆ.

ಇಣುಕಿದೆ. ಅಪ್ಪ ಟಿವಿ ನೋಡುತ್ತಿಲ್ಲ. ಅದರ ಸೌಂಡ್ ನಿಲ್ಲಿಸಿ ಕಿಟಕಿಯ ಕಡೆ ಕಿವಿ ಕೊಟ್ಟಿದ್ದಾರೆ. ಹೊರಗೆ ನಿಜದ ಕಡಲು ಬಡಿಯುತ್ತಿದೆ. ದೊಡ್ಡ ಅಲೆಯೊಂದು ಅಪ್ಪಳಿಸಿದಾಗ ಒಂದು ಬೆರಳು ಮಡಚಿದರು. ಸ್ವಲ್ಪ ಬಿಟ್ಟು ಇನ್ನೊಂದು. ಪೆಟ್ಟಿಗೆಯಲ್ಲಿ ಅಲೆ ಇಲ್ಲವೆಂದು ಅವರಿಗೆ ಆಗಲೇ ಗೊತ್ತಾಗಿದೆ.

"ದೀಕ್ಷೀ, ಎಲ್ಲಿದ್ದಿ? ಇನ್ನು ಒಂದೇ ಉಂಟು. ಬಾ ಮಗಾ, ದೋಣಿ ಹತ್ತು. ನಿನ್ನನ್ನು ಬಿಟ್ಟು ಹೋಗುದಿಲ್ಲ."

ಅಮ್ಮ ಕತ್ತಿ ಕೆಳಗಿಟ್ಟಳು. ನಾನೂ ಪೆನ್ನು ಇಡುತ್ತೇನೆ, ದೋಣಿ ಹತ್ತಬೇಕು—